ಮನೆಗೆ ಬಂದ ಹೆಬ್ಬಾವು

“ಪೈಥಾನೆಂದರೆ ಹೆಬ್ಬಾವಲ್ಲವೆ? ಇರುವ ಬಿಸಿಲು ಸಾಲದೆಂದು ಅದನ್ನೂ ಮನೆಯೊಳಕ್ಕೆ ಬಿಟ್ಟುಕೊಳ್ಳುತ್ತಿದ್ದೀಯಾ?” ಎಂದು ನನ್ನ ತಾಯಿ ಕೇಳಿದರು.

೨೦೨೪ರ ಮೇ ತಿಂಗಳ ಒಂದು ಮಧ್ಯಾಹ್ನ ಅದು. ಬಳ್ಳಾರಿಯ ಬೇಸಗೆಯನ್ನು ಕಂಡವರಿಗೆ ಅದರ ವರ್ಣನೆ ಬೇಡ. ಕಾಣದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಊರ ನಡುವಿನ ಬಂಡೆಗುಡ್ಡ ಹಗಲೆಲ್ಲ ಕಾದು, ಆ ಕಾವನ್ನು ರಾತ್ರಿಯೆಲ್ಲ ನಮಗೆ ಬಡ್ಡಿಸಹಿತ ಹಿಂದಿರುಗಿಸುವ ದಿನಗಳು. ಕಾಲೇಜಿಗೆ ರಜೆ. ಹಳಗನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಉತ್ತರಪತ್ರಿಕೆಗಳ ಕಟ್ಟನ್ನು ಬದಿಗೊತ್ತಿ, ಗಣಕಯಂತ್ರದ ತೆರೆಯ ಮೇಲೆ ಗೆರೆಯೊಂದು ಎಡದಿಂದ ಬಲಕ್ಕೆ ತೆವಳುವುದನ್ನು ನೋಡುತ್ತ ಕುಳಿತಿದ್ದೆ. ತೆವಳುವ ಪರಿಯೇನೋ ಹೆಬ್ಬಾವಿನದೇ.

ಆ ಹೆಸರಿಗೂ ಹಾವಿಗೂ ಸಂಬಂಧವಿಲ್ಲವೆಂದು ತಾಯಿಗೆ ತಿಳಿಸಿ ಹೇಳಿದೆ. ಹಾಲೆಂಡಿನ ಗೀಡೊ ವಾನ್ ರಾಸಂ ಎಂಬವರು ೧೯೮೯ರ ಕ್ರಿಸ್ಮಸ್ ರಜೆಯಲ್ಲಿ ಹೊತ್ತು ಹೋಗಲೆಂದು ಈ ಭಾಷೆಯನ್ನು ಕಟ್ಟತೊಡಗಿದರು. ೧೯೯೧ರ ಫೆಬ್ರವರಿಯಲ್ಲಿ ಅದು ಲೋಕದ ಕೈಸೇರಿತು. ತಮಗೆ ಪ್ರಿಯವಾಗಿದ್ದ ‘ಮಾಂಟಿ ಪೈಥಾನ್’ ಎಂಬ ಬ್ರಿಟಿಷ್ ಹಾಸ್ಯಮೇಳದ ಹೆಸರನ್ನೇ ಅವರು ಅದಕ್ಕಿಟ್ಟರು. ಇಷ್ಟನ್ನೂ ಕೇಳಿದ ತಾಯಿ, “ರಜೆ ಬಂದರೆ ಸುಮ್ಮನಿರಲಾರದ ಗಂಡಸರು ಎಲ್ಲ ದೇಶದಲ್ಲೂ ಇದ್ದಾರೆ, ಹಾಗಾದರೆ” ಎಂದು ಒಳಗೆ ಹೋದರು.

ಹೊತ್ತು ಹೋಗದೆ ನಾನು ಈ ಉಸಾಬರಿಗೆ ಕೈಹಾಕಿದವನಲ್ಲ. ನನ್ನ ತಂದೆ ಪ್ರಾಥಮಿಕ ಶಾಲೆಯ ಮೇಷ್ಟರು. ಸಿರುಗುಪ್ಪದ ಸುತ್ತಿನ ಹಳ್ಳಿಗಳಲ್ಲಿ ಕೆಲವು ವರ್ಷ, ಕುರುಗೋಡಿನ ಸುತ್ತಿನಲ್ಲಿ ಕೆಲವು ವರ್ಷ ದುಡಿದು, ಕೊನೆಗೆ ಬಳ್ಳಾರಿಗೆ ಬಂದು ನಿವೃತ್ತರಾದವರು. ಹೋದೆಡೆಯಲ್ಲೆಲ್ಲ ಜನರ ಬಾಯಿಂದ ಮಾತುಗಳನ್ನು ಹೆಕ್ಕಿ ಬರೆದುಕೊಳ್ಳುವ ಹುಚ್ಚು ಅವರಿಗೆ. ಕೂರಿಗೆ, ಕುಂಟೆ, ಹಂತಿ, ಮೇಟಿ, ಹಗೇವು, ಹೀಗೆ ಒಕ್ಕಲುತನದ ಮಾತುಗಳು ಸಿರುಗುಪ್ಪದ ಕಡೆಯವು. ಕಲ್ಲಿನ ಕೆಲಸದ ಮಾತುಗಳು ಕುರುಗೋಡಿನವು. ಕಾಲುವೆ ಬಂದಮೇಲೆ ಕಪಿಲೆ ನಿಂತಿತು, ಕಪಿಲೆ ನಿಂತಮೇಲೆ ಅದರ ಹತ್ತು ಭಾಗಗಳ ಹತ್ತು ಹೆಸರುಗಳೂ ನಿಂತವು ಎನ್ನುತ್ತಿದ್ದರು. ಪ್ರತಿಯೊಂದು ಪದದ ಮುಂದೆಯೂ ಅರ್ಥ, ಕೇಳಿದ ಊರು, ಕೆಲವೆಡೆ ತಮಗಾಗಿ ಒಂದು ಟಿಪ್ಪಣಿ. ನಾಲ್ಕು ದಪ್ಪ ನೋಟುಪುಸ್ತಕಗಳು ತುಂಬಿದ್ದವು.

೨೦೦೩ರಲ್ಲಿ ಅವನ್ನು ಊರಿನ ಒಂದು ಅಕ್ಷರಜೋಡಣೆಯ ಅಂಗಡಿಯಲ್ಲಿ ಬೆರಳಚ್ಚು ಮಾಡಿಸಿದರು. ಹದಿನೈದರ ಹುಡುಗನಾಗಿದ್ದ ನಾನು ಸಂಜೆಗಳಲ್ಲಿ ಅಲ್ಲಿ ಕುಳಿತು ಪದಗಳನ್ನು ಓದಿ ಹೇಳುತ್ತಿದ್ದೆ, ಬೆರಳಚ್ಚಿನವನು ಬಡಿಯುತ್ತಿದ್ದ, ತಂದೆ ಹಿಂದೆ ನಿಂತು ಒಂದೊಂದು ಒತ್ತಕ್ಷರಕ್ಕೂ ಕಾವಲು ಕಾಯುತ್ತಿದ್ದರು. ಅಚ್ಚು ಹಾಕಿಸುವಷ್ಟು ಹಣ ಕೂಡಿಬರಲಿಲ್ಲ. ೨೦೧೧ರಲ್ಲಿ ತಂದೆ ತೀರಿಕೊಂಡರು. ನೋಟುಪುಸ್ತಕಗಳನ್ನಿಟ್ಟಿದ್ದ ಪೆಟ್ಟಿಗೆಯನ್ನು ನಾವು ಮನೆ ಬದಲಾಯಿಸುವಾಗ ತೆರೆದರೆ, ಗೆದ್ದಲು ನಮಗಿಂತ ಮೊದಲೇ ಓದಿ ಮುಗಿಸಿತ್ತು. ಉಳಿದದ್ದು ಒಂದು ತಟ್ಟೆ, ಅದರೊಳಗೊಂದು ಕಡತ.

ಆ ಕಡತವನ್ನು ಹೊಸ ಯಂತ್ರದಲ್ಲಿ ತೆರೆದಾಗ ಕಂಡದ್ದು ಕನ್ನಡವಲ್ಲ. ರೋಮನ್ ಅಕ್ಷರಗಳ ಸಂತೆ! ಆ ಕಾಲದ ರೂಢಿ ವಾಚಕರಲ್ಲಿ ಕೆಲವರಿಗೆ ನೆನಪಿರಬಹುದು. ಆಗಿನ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮನೆಯಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಬಾಡಿಗೆಗೆ ಇರಿಸುತ್ತಿದ್ದವು. ಅಂಥ ಅಚ್ಚುಮೊಳೆಯ ಕನ್ನಡಕವನ್ನು ಯಂತ್ರ ಧರಿಸಿರುವಷ್ಟು ಕಾಲ ಕಣ್ಣಿಗೆ ಕಾಣುವುದು ಕನ್ನಡ. ಕನ್ನಡಕ ಕಳಚಿದರೆ ಉಳಿಯುವುದು ಒಡೆಯನ ಮನೆ. ‘ಕನ್ನಡ’ ಎಂಬ ಪದವೇ ಒಂದು ದೊಡ್ಡ ಪಿ, ತಲೆಯ ಮೇಲೆ ಓರೆಗೆರೆಯಿರುವ ಎ, ಪೌಂಡು ನಾಣ್ಯದ ಗುರುತು, ಮತ್ತೆ ಗೆರೆಯ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೂ ಒಂದು ಗೆರೆಯ ಎ, ಹೀಗೆ ಏಳು ತುಂಡಾಗಿ ನಿಂತಿತ್ತು. ನಮ್ಮ ನಕಾರದ ಜಾಗದಲ್ಲಿ ಇಂಗ್ಲೆಂಡಿನ ಪೌಂಡು ಕುಳಿತಿದ್ದುದನ್ನು ಕಂಡು ನಗುವುದೋ ಅಳುವುದೋ ತಿಳಿಯಲಿಲ್ಲ. ತಂದೆಯ ಹತ್ತಿಪ್ಪತ್ತು ವರ್ಷಗಳ ದುಡಿಮೆ ಕಣ್ಣೆದುರಿಗಿದೆ, ಒಂದಕ್ಷರವೂ ಓದಲಾಗದು.

ನನ್ನ ಸಂಕಟವನ್ನು ತರಗತಿಯಲ್ಲೊಮ್ಮೆ ಪ್ರಾಸಂಗಿಕವಾಗಿ ಹೇಳಿದ್ದೆ. ಸಿರುಗುಪ್ಪದಿಂದ ಬರುವ, ಗಣಕಶಾಸ್ತ್ರ ಓದುವ ವಿದ್ಯಾರ್ಥಿನಿಯೊಬ್ಬಳು ಅದನ್ನು ಮನಸ್ಸಿಗೆ ಹಾಕಿಕೊಂಡಿದ್ದಳು. ಕನ್ನಡ ಪತ್ರಿಕೆಯಲ್ಲಿ ಅವಳು ಪಡೆಯುತ್ತಿದ್ದ ಅಂಕಗಳನ್ನು ನೆನೆದರೆ ನನ್ನ ಮೇಲೆ ಇಷ್ಟು ದಯೆ ತೋರುವ ಕಾರಣವೇ ಇರಲಿಲ್ಲ. ರಜೆ ಸಿಕ್ಕಿದೊಡನೆ, ಹಳೆಯ ತುಂಡುಗಳನ್ನು ಯೂನಿಕೋಡಿನ ಅಕ್ಷರಗಳಿಗೆ ಪರಿವರ್ತಿಸುವ ಒಂದು ಸಣ್ಣ ಕಾರ್ಯಲೇಖವನ್ನು ಬರೆದು ಕಳುಹಿಸಿದಳು. ಅದನ್ನು ಎರಡು ಬಾರಿ ಒತ್ತಿದೆ. ಏನೂ ಆಗಲಿಲ್ಲ. ಯಂತ್ರವು, “ಇದನ್ನು ಯಾವುದರಿಂದ ತೆರೆಯಲಿ?” ಎಂದು ನನ್ನನ್ನೇ ಕೇಳಿತು.

ದೂರವಾಣಿಯಲ್ಲಿ ಅವಳನ್ನು ವಿಚಾರಿಸಿದಾಗ, “ರನ್‌ಟೈಮ್ ಇಲ್ಲ ಸರ್ ನಿಮ್ಮಲ್ಲಿ” ಎಂದಳು. ಯಾವುದೋ ಜೀವಸತ್ವದ ಕೊರತೆಯಿದೆಯೆಂದು ವೈದ್ಯರು ಹೇಳಿದಂತಿತ್ತು. ಆಮೇಲೆ ಅವಳ ವಿವರಣೆಯಿಂದ ನಾನು ತಿಳಿದುಕೊಂಡುದನ್ನು ನಮ್ಮ ಕಡೆಯ ದೊಡ್ಡಾಟದ ಮಾತಿನಲ್ಲಿ ಹೇಳುತ್ತೇನೆ. ಪ್ರಸಂಗದ ಹಸ್ತಪ್ರತಿ ಪೆಟ್ಟಿಗೆಯಲ್ಲಿದ್ದ ಮಾತ್ರಕ್ಕೆ ಆಟವಾಗುವುದಿಲ್ಲ. ಅಟ್ಟ ಬೇಕು, ಹಿಮ್ಮೇಳ ಬೇಕು, ಎಲ್ಲಕ್ಕಿಂತ ಮಿಗಿಲಾಗಿ, ಬಂದ ಬಂದ ಪಾತ್ರವನ್ನು “ನೀವು ಧಾರು?” ಎಂದು ಕೇಳಿ ಕಥೆಯನ್ನು ಮುಂದಕ್ಕೆ ನಡೆಸುವ ಸಾರಥಿ ಬೇಕು. ಅವಳು ಕಳುಹಿಸಿದ್ದು ಹಸ್ತಪ್ರತಿ. ಅದನ್ನು ಸಾಲುಸಾಲಾಗಿ ಓದಿ, ಹೇಳಿದ್ದನ್ನು ಹೇಳಿದಂತೆ ಆಡಿಸುವ ಸಾರಥಿಯೂ ಅಟ್ಟವೂ ಕೂಡಿದ್ದೇ ಈ ರನ್‌ಟೈಮ್. ಅದನ್ನು ಮನೆಗೆ ತರಿಸಿಕೊಳ್ಳಬೇಕು, ಬೆಲೆಯಿಲ್ಲ.

ಸಿರುಗುಪ್ಪ ಬಳ್ಳಾರಿಯಿಂದ ಐವತ್ತು ಕಿಲೋಮೀಟರಿಗೂ ಮಿಕ್ಕ ದೂರ. ಆಕೆ ಭತ್ತದ ಗದ್ದೆಯ ಬದಿಯ ಮನೆಯಲ್ಲಿ ಕುಳಿತು ಆಜ್ಞೆ ಕೊಡುವುದು, ನಾನು ಇಲ್ಲಿ ಬೆವರೊರೆಸುತ್ತ ಪಾಲಿಸುವುದು. ಪೈಥಾನ್ ೩.೧೨ ಎಂಬ ಆವೃತ್ತಿ ಇಳಿದು ಬಂತು. ಸ್ಥಾಪಕದ ಮೊದಲ ಪುಟದಲ್ಲಿ ದೊಡ್ಡದಾಗಿ “ಈಗಲೇ ಸ್ಥಾಪಿಸು” ಎಂದಿತ್ತು, ಒತ್ತಿದೆ. ಗೆರೆ ತೆವಳಿತು. “ಸ್ಥಾಪನೆ ಯಶಸ್ವಿಯಾಯಿತು” ಎಂಬ ಸಂದೇಶ ಕಂಡು, ಇಷ್ಟೇ ತಾನೆ ಎಂದುಕೊಂಡು, ತಾಯಿ ತಂದಿಟ್ಟ ಒಗ್ಗರಣೆ ಮಿರ್ಚಿಗೆ ಕೈಹಾಕಿದೆ.

ಸ್ಥಾಪಿಸುವುದು ಬೇರೆ, ಸ್ಥಾಪಿತವಾಗಿದೆಯೆಂದು ಪರೀಕ್ಷಿಸುವುದು ಬೇರೆ. “ಕಪ್ಪು ಕಿಟಕಿ ತೆರೆದು ಪೈಥಾನ್ ಎಂದು ಬರೆಯಿರಿ ಸರ್” ಎಂದಳು. ಬರೆದೆ. ಅಂಥದೊಂದು ಇಲ್ಲಿ ಸಿಕ್ಕಲಿಲ್ಲವೆಂದು ಯಂತ್ರ ಉತ್ತರಿಸಿತು. ಒಂದು ಗಳಿಗೆಯ ಹಿಂದೆ ತಾನೇ ಯಶಸ್ವಿ ಎಂದದ್ದು! ಅತ್ತ ಕಡೆಯಿಂದ ನಗು ಕೇಳಿಸಿತು. ಸ್ಥಾಪಕದ ಆ ಮೊದಲ ಪುಟದ ತಳದಲ್ಲಿ ಒಂದು ಸಣ್ಣ ಚೌಕವಿತ್ತಂತೆ, ಪೈಥಾನಿನ ವಿಳಾಸವನ್ನು ‘ಪಾತ್’ನಲ್ಲಿ ಸೇರಿಸಲೇ ಎಂದು ಕೇಳುವುದು. ಅದರಲ್ಲಿ ಗುರುತು ಹಾಕದೆ ಮುಂದುವರಿದದ್ದು ನನ್ನ ಅವಸರ. ಪಾತ್ ಎಂದರೆ, ಹೆಸರು ಕೂಗಿದಾಗ ಯಂತ್ರವು ಯಾವ ಯಾವ ಓಣಿಗಳಲ್ಲಿ ಹುಡುಕಬೇಕೆಂಬ ಪಟ್ಟಿ. ಪಟ್ಟಿಯಲ್ಲಿಲ್ಲದ ಓಣಿಯಲ್ಲಿ ಸಾಕ್ಷಾತ್ ಕುಬೇರನಿದ್ದರೂ ಅಂಚೆಯವನು ಮನಿಆರ್ಡರನ್ನು ಹಿಂದಿರುಗಿಸುವನಷ್ಟೆ. ಸ್ಥಾಪಕವನ್ನು ಮತ್ತೆ ಓಡಿಸಿ, ಗುರುತು ಹಾಕಿ, ಪುನಃ ಬರೆದೆ. ಮತ್ತೆ ಇಲ್ಲವೆಂದಿತು. “ಹಳೆಯ ಕಿಟಕಿಗೆ ಹಳೆಯ ಪಟ್ಟಿಯೇ ಗೊತ್ತಿರುವುದು ಸರ್. ಅದನ್ನು ಮುಚ್ಚಿ ಹೊಸದು ತೆರೆಯಿರಿ.” ತೆರೆದೆ. ಆವೃತ್ತಿಯ ಸಂಖ್ಯೆ ಕಾಣಿಸಿ, ಕೆಳಗೆ ಮೂರು ಬಾಣದ ಮೊನೆಗಳು ನನ್ನತ್ತ ನೋಡುತ್ತ ನಿಂತವು. ಸಾರಥಿ ಅಟ್ಟವನ್ನೇರಿದ್ದ.

ಮೊದಲ ಪರೀಕ್ಷೆಗೆ ಲೋಕವೆಲ್ಲ “ಜಗತ್ತೇ, ನಮಸ್ಕಾರ” ಎಂಬ ವಾಕ್ಯವನ್ನು ಬರೆಸುವುದು ವಾಡಿಕೆ. ನಾನು ಕನ್ನಡದಲ್ಲಿಯೇ ಬರೆಸಿದೆ. ಕಪ್ಪು ಕಿಟಕಿ ಸಾಲಾಗಿ ಖಾಲಿ ಚೌಕಗಳನ್ನು ಮುದ್ರಿಸಿತು. ಅದು ಪೈಥಾನಿನ ತಪ್ಪಲ್ಲ. ಆ ಕಿಟಕಿಗೆ ನಮ್ಮ ಅಕ್ಷರಗಳನ್ನು ಚಿತ್ರಿಸುವ ಶಕ್ತಿಯಿಲ್ಲ. ಪೈಥಾನಿನ ಜೊತೆಯಲ್ಲೇ ಬರುವ ಬಿಳಿಯ ಕಿಟಕಿಯೊಂದಿದೆ, ‘ಐಡಲ್’ ಎಂದು ಅದರ ಹೆಸರು. ಅಲ್ಲಿ ಕನ್ನಡ ಮುದ್ದಾಗಿ ಮೂಡಿತು.

ಆಮೇಲೆ ನನಗೆ ತಡೆಯಲಾಗಲಿಲ್ಲ. ಪರೀಕ್ಷಿಸುವುದು ನಮ್ಮ ವೃತ್ತಿಯೇ ಆಗಿದೆಯಷ್ಟೆ. ೧೯೫೩ ಎಂದು ಕನ್ನಡ ಅಂಕಿಗಳಲ್ಲಿ ಬರೆದು, ಅದನ್ನು ಸಂಖ್ಯೆಯಾಗಿ ಗ್ರಹಿಸಿ ಮೂರನ್ನು ಕೂಡೆಂದೆ. ೧೯೫೩ರ ಅಕ್ಟೋಬರ್ ೧ರಂದು ನಮ್ಮ ಬಳ್ಳಾರಿ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೆ ಮೂರು ಕೂಡಿದರೆ ಏಕೀಕರಣದ ವರ್ಷ ಬರಬೇಕು. ಬಂತು! ಕನ್ನಡದ ಅಂಕಿಗಳನ್ನು ಯಾರೂ ಹೇಳಿಕೊಡದೆಯೇ ಅದು ಓದಿಕೊಂಡಿತು. ಉತ್ತರವನ್ನು ಮಾತ್ರ ಇಂಗ್ಲಿಷ್ ಅಂಕಿಗಳಲ್ಲಿ ಕೊಟ್ಟಿತು. ನಮ್ಮ ಕೆಲವು ಸರ್ಕಾರಿ ಕಚೇರಿಗಳ ಹಾಗೆ, ಅರ್ಜಿ ಕನ್ನಡದಲ್ಲಿ, ಆದೇಶ ಬೇರೆಯದರಲ್ಲಿ.

ಬಳಿಕ ‘ಕನ್ನಡ’ ಎಂಬ ಪದದ ಉದ್ದವೆಷ್ಟೆಂದು ಕೇಳಿದೆ. ಬಾಲಬೋಧೆ ಓದಿದ ಮಗುವಿಗೂ ತಿಳಿದಂತೆ ಅಕ್ಷರಗಳು ಮೂರು. ಛಂದಸ್ಸಿನವರನ್ನು ಕೇಳಿದರೆ ಒಂದು ಗುರು ಎರಡು ಲಘು, ಮಾತ್ರೆಗಳು ನಾಲ್ಕು. ಯಂತ್ರ ಐದು ಎಂದಿತು! ಕ, ನ, ನಕಾರದ ಸ್ವರವನ್ನು ಕೊಲ್ಲುವ ಹಲಂತದ ಗುರುತು, ಇನ್ನೊಂದು ನ, ಡ. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ ಮನೆಗಳು ೧೨೮, ೩೨೦೦ರಿಂದ ೩೩೨೭ರವರೆಗೆ; ಕೆಲವು ಖಾಲಿಯೂ ಇವೆ. ಅಕಾರದ ಮನೆ ೩೨೦೫. ಬಾಡಿಗೆಯಲ್ಲ, ಸ್ವಂತದ ಮನೆ. ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಈ ನಿವೇಶನ ನಮಗೆ ದೊರೆತಿತ್ತು. ನನ್ನ ತಂದೆಯ ಪದಗಳು ಮಾತ್ರ ಅದಾದ ಹನ್ನೆರಡು ವರ್ಷಕ್ಕೂ ಬಾಡಿಗೆಯ ಮನೆಗೇ ಹೋಗಿ ಸೇರಿದವು.

ಸಂಜೆ ವಿದ್ಯುತ್ತು ಹೋಗಿ ಬಂದಮೇಲೆ ಕಡತವನ್ನು ಕಾರ್ಯಲೇಖಕ್ಕೆ ಒಪ್ಪಿಸಿದೆ. ಮೊದಲ ಸಲ ಅರ್ಕಾವತ್ತು ತೊಡಕಿತು. ‘ವರ್ಷ’ ಎನ್ನುವಲ್ಲಿ ರೇಫವನ್ನು ನಾವು ಉಚ್ಚರಿಸುವುದು ಷಕಾರಕ್ಕೆ ಮೊದಲು, ಬರೆಯುವುದು ಅದರ ನಂತರ. ಹಳೆಯ ಪದ್ಧತಿಯು ಕೈ ಬರೆದ ಕ್ರಮವನ್ನು ನಂಬಿತ್ತು. ಯೂನಿಕೋಡು ನಾಲಗೆಯ ಕ್ರಮವನ್ನು ನಂಬುತ್ತದೆ. ಹುಡುಗಿ ಎರಡು ಸಾಲು ತಿದ್ದಿ ಕಳುಹಿಸಿದಳು. ಎರಡನೆಯ ಸಲ ಒತ್ತಿದೆ. ರೆಪ್ಪೆ ಬಡಿಯುವಷ್ಟು ಹೊತ್ತೂ ಆಗಲಿಲ್ಲ. ಹೊಸ ಕಡತವನ್ನು ತೆರೆದರೆ ಪೌಂಡುಗಳಿಲ್ಲ, ಗೆರೆಯ ಎಗಳಿಲ್ಲ; “ಹಂತಿ: ಕಣದಲ್ಲಿ ಮೇಟಿಯ ಸುತ್ತ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆ ತುಳಿಸುವುದು. ಸಿರುಗುಪ್ಪ.” ಎಂದಿತ್ತು.

ಗಟ್ಟಿಯಾಗಿ ಓದಿದೆನೆಂದು ತೋರುತ್ತದೆ. ತಾಯಿ ಅಡಿಗೆಮನೆಯಿಂದ ಬಂದು ಬಾಗಿಲಿಗೊರಗಿ ನಿಂತರು. “ಇನ್ನೊಂದು ಓದು” ಎಂದರು. ಓದಿದೆ. ಇನ್ನೊಂದು, ಮತ್ತೊಂದು. ದೀಪ ಹಚ್ಚುವ ಹೊತ್ತು ಮೀರಿದರೂ ಅವರು ಅಲ್ಲಿಂದ ಕದಲಲಿಲ್ಲ. ಹೆಬ್ಬಾವಿನ ಮಾತನ್ನು ಮತ್ತೆ ಎತ್ತಲೂ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಊರುಗಳ ಪ್ರಕಾರ ಪದಗಳನ್ನು ಬೇರ್ಪಡಿಸುವ ಆಸೆಯಾಯಿತು. ಮರುದಿನ ಸಿರುಗುಪ್ಪವೆಷ್ಟು, ಕುರುಗೋಡೆಷ್ಟು ಎಂದು ಎಣಿಸಲು ಹೇಳಿದೆ. ಸಿರುಗುಪ್ಪದವು ನೂರಾರು ಬಂದವು. ಕುರುಗೋಡಿನವು, ಒಂಬತ್ತು! ಕಣ್ಣೆದುರಿನ ಪುಟದಲ್ಲೇ ಹನ್ನೆರಡು ಸಲ ಕುರುಗೋಡು ಕಾಣುತ್ತಿದೆ, ಯಂತ್ರ ಒಪ್ಪುವುದಿಲ್ಲ. ಆ ಒಂಬತ್ತನ್ನು ತೆಗೆದು ನೋಡಿದರೆ, ಅವು ತಟ್ಟೆಯಲ್ಲಿದ್ದುವಲ್ಲ. ತಂದೆ ಹೇಳುತ್ತಿದ್ದುದನ್ನು ನೆನಪಿಸಿಕೊಂಡು ಈಚೆಗೆ ನಾನೇ ಸೇರಿಸಿದ್ದ ಪದಗಳು. ಮಗನ ಕುರುಗೋಡನ್ನು ಅದು ಗುರುತಿಸುತ್ತದೆ, ತಂದೆಯ ಕುರುಗೋಡನ್ನು ಗುರುತಿಸುವುದಿಲ್ಲ.

ಅರ್ಧ ದಿನ ತಲೆ ಕೆಡಿಸಿಕೊಂಡು, ಕೊನೆಗೆ ಎರಡರ ಉದ್ದವನ್ನೂ ಕೇಳಿದೆ. ನನ್ನ ಕುರುಗೋಡಿನ ಉದ್ದ ಎಂಟು. ತಂದೆಯದರ ಉದ್ದ ಹತ್ತು. ಕಣ್ಣಿಗೆ ಎಳ್ಳಷ್ಟೂ ಭೇದವಿಲ್ಲ. ಗುಟ್ಟು ಇದ್ದದ್ದು ‘ಗೋ’ ಎಂಬಲ್ಲಿ. ನಾನು ಬೆರಳಚ್ಚಿಸಿದ ‘ಗೋ’ದಲ್ಲಿ ಗಕಾರದ ಜೊತೆಗೆ ಓತ್ವದ ಒಂದೇ ಚಿಹ್ನೆ. ಹಳೆಯ ಪದ್ಧತಿಯಲ್ಲಿ ಓತ್ವವು ಮೂರು ತುಂಡು: ಎತ್ವ, ಅದರ ಮುಂದೆ ಊಕಾರದ ಕೊಂಬು, ಅದರ ಮುಂದೆ ದೀರ್ಘ. ಕಾರ್ಯಲೇಖವು ಮೂರು ತುಂಡಿಗೆ ಮೂರು ಚಿಹ್ನೆಗಳನ್ನಿಟ್ಟು ಕೈತೊಳೆದುಕೊಂಡಿತ್ತು. ಯೂನಿಕೋಡಿನ ವ್ಯಾಕರಣದ ಪ್ರಕಾರ ಎರಡೂ ಸಾಧುರೂಪಗಳೇ, ಎರಡೂ ಸಮಾನವೇ. ಆದರೆ ಸಮಾನವೆಂದು ಯಾರಾದರೂ ನೆನಪಿಸಬೇಕು. ನೆನಪಿಸುವ ಆಜ್ಞೆ ಪೈಥಾನಿನ ಜೊತೆಯಲ್ಲೇ ಬಂದಿದೆ, ‘ನಾರ್ಮಲೈಸ್’ ಎಂದು. ಒಂದು ಸಾಲು ಸೇರಿಸಿದೆವು. ಒಂಬತ್ತಿದ್ದ ಕುರುಗೋಡು ಇನ್ನೂರು ದಾಟಿತು. ಅಕ್ಷರ ಬಲ್ಲವನೆಂಬ ಜಂಬದ ನನಗೆ ಓತ್ವದ ಮೈಯೊಳಗೆ ಮೂರು ಕೂಡುಗಳಿರುವುದನ್ನು ತೋರಿಸಲು ಈ ವಿದೇಶೀ ಸಾರಥಿಯೇ ಬರಬೇಕಾಯಿತು.

ಆದರೆ ಅವನಿಗೆ ನಾನು ಕಲಿಸಬೇಕಾದದ್ದೂ ಒಂದಿತ್ತು. ಪದಗಳನ್ನು ಅಕಾರಾದಿಯಾಗಿ ಜೋಡಿಸೆಂದಾಗ ಕಲ್ಲು, ಕಳೆ, ಕವಣೆ, ಕಸ ಎಂಬ ಕ್ರಮದಲ್ಲಿ ತಂದಿಟ್ಟ. ‘ಕಳೆ’ ಅಲ್ಲಿಗೆ ಹೇಗೆ ಬಂದಿತು? ಯ ರ ಲ ವ ಶ ಷ ಸ ಹ ಳ ಎಂದು ಮರಳಿನ ಮೇಲೆ ತಿದ್ದಿದವರು ನಾವು. ನಮ್ಮ ನಿಘಂಟುಗಳಲ್ಲಿ ಳಕಾರ ಕೊನೆಯದು. ಯೂನಿಕೋಡಿನಲ್ಲಿ ಲಕಾರ ೩೨೫೦, ಅದರ ಮಗ್ಗುಲಿಗೇ ಳಕಾರ ೩೨೫೧, ಆಮೇಲೆ ವಕಾರ ೩೨೫೩. ಭಾರತದ ಲಿಪಿಗಳಿಗೆಲ್ಲ ಒಂದೇ ನಕ್ಷೆಯಿರಲೆಂದು ನಮ್ಮವರೇ ರೂಪಿಸಿದ್ದ ‘ಇಸ್ಕಿ’ ಎಂಬ ಸಂಕೇತಪದ್ಧತಿಯನ್ನು ಯೂನಿಕೋಡಿನವರು ಅನುಸರಿಸಿದರು. ದೇವನಾಗರಿಯ ಳಕಾರ ಎಲ್ಲಿ ಕುಳಿತಿತೋ ಕನ್ನಡದ್ದೂ ಅಲ್ಲೇ ಕೂರಬೇಕಾಯಿತು. ಪಾಪ, ಸಂಖ್ಯೆಯನ್ನಲ್ಲದೆ ಬೇರೇನನ್ನೂ ಅರಿಯದ ಸಾರಥಿ ಸಂಖ್ಯೆಯ ಕ್ರಮವನ್ನೇ ಹಿಡಿದಿದ್ದ. ಹಕಾರದ ೩೨೫೭ರ ಮುಂದೆ ೩೨೫೮ ಖಾಲಿ ಮನೆ. ಜೋಡಿಸುವ ಹೊತ್ತಿಗೆ ಮಾತ್ರ ಳಕಾರವು ಆ ಮನೆಯಲ್ಲಿದೆಯೆಂದು ಭಾವಿಸಿಕೊಳ್ಳತಕ್ಕದ್ದು ಎಂಬ ನಿಯಮವನ್ನು, ಹುಡುಗಿಯ ನೆರವಿಲ್ಲದೆ, ನಾನೇ ಬರೆದೆ. ನನ್ನ ಬಾಳಿನ ಮೊದಲ ಕಾರ್ಯಲೇಖ, ಒಂದೂವರೆ ಸಾಲು. ‘ಕಳೆ’ ಹೋಗಿ ‘ಕಹಿ’ಯ ಹಿಂದೆ ನಿಂತಾಗ, ಹಿಂದಿನಿಂದ ತಂದೆ ಒತ್ತಕ್ಷರಗಳನ್ನು ಕಾಯುತ್ತಿದ್ದ ಆ ಅಂಗಡಿಯ ಸಂಜೆ ನೆನಪಾಯಿತು.

ಕೊನೆಯದಾಗಿ, ಅರ್ಥ ಬರೆಯದೆ ಬಿಟ್ಟ ಪದಗಳೆಷ್ಟಿವೆಯೆಂದು ಹುಡುಕಿಸಿದೆ. ಇಪ್ಪತ್ತಮೂರು ದೊರೆತವು. ಬಹುತೇಕ ಕುರುಗೋಡಿನವು, ಪ್ರತಿಯೊಂದರ ಮುಂದೆಯೂ ಒಂದೇ ಟಿಪ್ಪಣಿ: “ಕೇಳಿ ಬರೆಯಬೇಕು.” ಒಂದೆಡೆ ಮಾತ್ರ ಸ್ವಲ್ಪ ಉದ್ದ: “ಚಾಣದಲ್ಲಿ ಎಷ್ಟು ಬಗೆ? ಕಲ್ಲಿನ ಕೆಲಸದವರಲ್ಲಿ ಕೇಳಿ ಬರೆಯಬೇಕು. ದಸರೆಯ ರಜೆಗೆ.” ಅದು ಯಾವ ದಸರೆಯೋ.

ಜೂನ್ ತಿಂಗಳ ಮೊದಲ ಭಾನುವಾರ ಆ ಇಪ್ಪತ್ತಮೂರನ್ನು ಮುದ್ರಿಸಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ದೊಡ್ಡಬಸವೇಶ್ವರನ ದರ್ಶನದ ನೆಪದಿಂದ ತಾಯಿಯೂ ಹೊರಟರು. ಗುಡಿಯೊಳಗೆ ಆ ಭಾರಿ ಬಸವನೆದುರು ಅವರನ್ನು ಕೂರಿಸಿ, ವಿಚಾರಿಸುತ್ತ ವಿಚಾರಿಸುತ್ತ ಗುಡ್ಡದ ಬದಿಯ ಒಂದು ಮನೆಗೆ ಹೋದೆ. ಕಲ್ಲಿನ ಕೆಲಸ ಬಿಟ್ಟು ಬಹಳ ವರ್ಷಗಳಾದ ಮುದುಕರೊಬ್ಬರು ಜಗುಲಿಯ ಮೇಲಿದ್ದರು. ಕಾಗದವನ್ನು ಮುಂದಿಟ್ಟು ಬಂದ ಕಾರಣವನ್ನು ಹೇಳಿದೆ. ಅವರು ಕಾಗದವನ್ನು ನೋಡಲಿಲ್ಲ. ಒಳಗೆ ಹೋಗಿ, ಗೋಣಿಯ ಸುರುಳಿಯೊಂದನ್ನು ತಂದು ನೆಲದ ಮೇಲೆ ಬಿಚ್ಚಿದರು. ತುಕ್ಕು ಹಿಡಿದ ಏಳು ಚಾಣಗಳಿದ್ದವು. ಗಿಡ್ಡದು, ಉದ್ದದ್ದು, ಮೊನೆ ಚಪ್ಪಟೆಯಾದದ್ದು.

“ಯಾವುದರ ಹೆಸರು ಮೊದಲು ಬರೀತೀರಿ?” ಎಂದು ಕೇಳಿದರು.